ಹೊಲಿದ ಮಂಡಿ, ನಿಂತ ಸೈಕಲ್

ಸೈಕಲ್ ತುಳಿಯುವವರ ಬಳಗದಲ್ಲಿ ಮಂಡಿ ನೋವು ಎಂದರೆ ಸಾಕು, ಹತ್ತು ಮಂದಿ ವೈದ್ಯರಾಗುತ್ತಾರೆ. ಮಂಡಿಚಿಪ್ಪಿನ ಮುಂದೆ ನೋವೇ? ಸೀಟು ತಗ್ಗಾಗಿದೆ, ಏರಿಸಿ. ಮಂಡಿಯ ಹಿಂದೆ ಸೆಳೆತವೇ? ಸೀಟು ಎತ್ತರವಾಗಿದೆ, ಇಳಿಸಿ. ಹೊರಮಗ್ಗುಲಲ್ಲಿ ಉರಿಯೇ? ಶೂ ಅಡಿಯ ಕ್ಲೀಟ್ ತುಸು ತಿರುಗಿಸಿ. ಈ ಸಲಹೆಗಳು ಸುಳ್ಳಲ್ಲ. ಚಾಮುಂಡಿ ಬೆಟ್ಟ ಹತ್ತಿದ ಮರುದಿನ ನನ್ನ ಬಲಮಂಡಿಯ ಮುಂಭಾಗದಲ್ಲಿ ಕಾಣಿಸಿಕೊಳ್ಳುತ್ತಿದ್ದ ನೋವು ವಾಸಿಯಾದದ್ದೂ ಹೀಗೆಯೇ. ಪೆಡಲ್ ತೀರ ಕೆಳಗೆ ಬಂದಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಾತ್ರ ಮಡಿಚಿರಬೇಕು ಎಂಬುದು ಲೆಕ್ಕ. ನನ್ನದು ಅದನ್ನು ಮೀರಿತ್ತು. ಸೀಟು ಒಂದು ಬೆರಳಷ್ಟು ಮೇಲೇರಿತು, ಭಾರದ ಗಿಯರಿನಲ್ಲಿ ಜಗ್ಗುವುದನ್ನು ಬಿಟ್ಟು ನಿಮಿಷಕ್ಕೆ 80 ಸುತ್ತು ಹಗುರವಾಗಿ ತುಳಿಯುವುದನ್ನು ಕಲಿತೆ, ನೋವು ಹೋಯಿತು.

ನಾನು ಬರೆಯಹೊರಟಿರುವುದು ಅದೇ ಮಂಡಿಗೆ ಆಮೇಲೆ ಬಂದ, ಸೈಕಲ್ಲಿನ ಬೋಲ್ಟ್ ತಿರುಗಿಸುವ ಅಲೆನ್ ಕೀಗೆ ಬಗ್ಗದ ಇನ್ನೊಂದು ನೋವಿನ ಬಗ್ಗೆ.

ನಂಜನಗೂಡು ರಸ್ತೆಯಲ್ಲಿ ಎಳನೀರಿಗೆಂದು ನಿಂತಿದ್ದೆವು. ರಾತ್ರಿ ಮಳೆಯಾಗಿ ಅಂಗಡಿಯ ಮುಂದಿನ ಚಪ್ಪಡಿ ಕಲ್ಲು ನುಣ್ಣಗೆ ಹೊಳೆಯುತ್ತಿತ್ತು. ರೋಡ್ ಸೈಕಲ್ಲಿನ ಶೂಗಳ ಅಡಿಯಲ್ಲಿ ಕ್ಲೀಟ್ ಎಂಬ ಪ್ಲಾಸ್ಟಿಕ್ ತುಂಡು ಉಬ್ಬಿಕೊಂಡಿರುತ್ತದೆ. ಪೆಡಲನ್ನು ಕಚ್ಚಿ ಹಿಡಿಯಲು ಅದು ಎಷ್ಟು ಒಳ್ಳೆಯದೋ ನಡೆಯಲು ಅಷ್ಟೇ ಕೆಟ್ಟದ್ದು. ಬುರುಡೆ ಎಸೆಯಲೆಂದು ತಿರುಗಿದೆ. ಎಡಗಾಲು ಜಾರಿತು, ಬಲಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ಮೈಯ ಭಾರವೆಲ್ಲ ಮಡಿಚಿದ ಮಂಡಿಯ ಮೇಲೆ ತಿರುಚಿಕೊಂಡು ಬಿತ್ತು. ಒಳಗೆ ಏನೋ 'ಟಕ್' ಎಂದಿತು. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಬೆಟ್ಟ ಇಳಿಯುವಾಗ ಆಗದ ಅನಾಹುತ ಎಳನೀರಿನ ರಾಶಿಯ ಪಕ್ಕದಲ್ಲಿ ಆಯಿತು.

ಮನೆಗೆ ಸೈಕಲ್ಲಿನಲ್ಲೇ ಬಂದೆ. ಬಾವು ಏರಿದ್ದು ರಾತ್ರಿ ಕಳೆದ ಮೇಲೆ. ಈ ವಿಳಂಬಕ್ಕೂ ಅರ್ಥವಿದೆ ಎಂದು ಆಮೇಲೆ ತಿಳಿಯಿತು. ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು ಹರಿದರೆ ರಕ್ತ ತುಂಬಿ ಒಂದೆರಡು ಗಂಟೆಗಳಲ್ಲೇ ಊದಿಕೊಳ್ಳುತ್ತದೆ. ಮೂಳೆಗಳ ನಡುವಿನ ಮೆತ್ತೆಯಂಥ ಮೆನಿಸ್ಕಸ್ ಹರಿದರೆ ಊತ ನಿಧಾನವಾಗಿ ಬರುತ್ತದೆ. ಐಸ್ ಇಟ್ಟೆ, ಬಟ್ಟೆ ಸುತ್ತಿದೆ, ಬಾವು ಇಳಿಯಿತು, ಕುಂಟುತ್ತ ತರಗತಿಗೂ ಹೋದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ದಿನವೆಲ್ಲ ನಿಂತೇ ಇರುವ ಕೆಲಸ.

ಅಸಲಿ ಸಂಗತಿ ಬಯಲಾದದ್ದು ನೆಂಟರ ಮನೆಯ ಗೃಹಪ್ರವೇಶದಲ್ಲಿ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮುಗಿಸಿದೆ. ಎಲ್ಲರೂ ಎದ್ದರು, ನನಗೆ ಏಳಲಾಗಲಿಲ್ಲ. ಮಂಡಿ ಮಡಿಚಿದಲ್ಲೇ ನಿಂತುಬಿಟ್ಟಿತ್ತು. ನೋವಿನಿಂದ ಕಾಲು ನೀಡಲಾಗದೆ ಹೋದದ್ದಲ್ಲ; ಒಳಗೆ ಏನೋ ಅಡ್ಡ ಕುಳಿತು ನೀಡಗೊಡುತ್ತಿರಲಿಲ್ಲ. "ಒಬ್ಬಟ್ಟು ಹೆಚ್ಚಾಯಿತೇನೋ ಭಾವ?" ಎಂದು ಬಡಿಸುತ್ತಿದ್ದ ಹುಡುಗ ನಕ್ಕ. ಇಬ್ಬರು ಸೇರಿ ಎತ್ತಿ ಕುರ್ಚಿಗೆ ಕೂರಿಸಿದ ಮೇಲೆ ಅವನೂ ನಗಲಿಲ್ಲ.

ಮೂಳೆ ವೈದ್ಯರು ಸೈಕಲ್ಲಿನ ವಿಚಾರವನ್ನು ಒಂದೇ ಮಾತಿನಲ್ಲಿ ಬದಿಗಿಟ್ಟರು. ಮಂಡಿಯ ಒಳಮಗ್ಗುಲಲ್ಲಿ, ತೊಡೆಯ ಮೂಳೆಯೂ ಮಂಡಿಯ ಕೆಳಗಿನ ಮೂಳೆಯೂ ಸೇರುವ ಗೆರೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ನಾನು ಮಂಚದಿಂದ ಅರ್ಧ ಎದ್ದೆ. ಎಂಆರ್‌ಐ ಆಯಿತು. ಒಳಗಿನ ಮೆನಿಸ್ಕಸ್ ಉದ್ದಕ್ಕೆ ಸೀಳಿ, ಸೀಳಿದ ಭಾಗ ಕೀಲಿನ ನಡುವಿಗೆ ಮಗುಚಿಕೊಂಡಿತ್ತು. ವೈದ್ಯರು ಇದನ್ನು ಬಕೆಟ್ ಹಿಡಿಯ ಸೀಳು ಎನ್ನುತ್ತಾರೆ. ಕಾಲು ನೀಡಗೊಡದೆ ಅಡ್ಡ ಕುಳಿತದ್ದು ಆ ಹಿಡಿಯೇ.

ಮೆನಿಸ್ಕಸ್ ಎಂದರೆ ಏನೆಂದು ಅಮ್ಮ ಕೇಳಿದಾಗ ನನಗೆ ಹೊಳೆದದ್ದು ಸಿಂಬೆ. ದುಂಡು ತಳದ ಕೊಡ ಚಪ್ಪಟೆ ನೆಲದ ಮೇಲೆ ಅಲುಗದಂತೆ ಕೂರಲು ಸಿಂಬೆ ಬೇಕಲ್ಲವೇ? ತೊಡೆ ಮೂಳೆಯ ತುದಿ ದುಂಡು, ಅದು ಕೂರುವ ಕೆಳಗಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. ಎರಡರ ನಡುವೆ ಒಳಗೊಂದು, ಹೊರಗೊಂದು ಅರ್ಧಚಂದ್ರಾಕಾರದ ಮೃದ್ವಸ್ಥಿ ಸಿಂಬೆ. ಭಾರವನ್ನು ಅಗಲವಾದ ಜಾಗಕ್ಕೆ ಹಂಚುವುದು ಅದರ ಕೆಲಸ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುವವನಿಗೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಿಂಬೆ ಹೋದರೆ ಅದೇ ಭಾರ ಚಿಕ್ಕ ಜಾಗದ ಮೇಲೆ ಬೀಳುತ್ತದೆ, ಮೂಳೆಯ ಮೇಲಿನ ನುಣುಪು ಪದರ ಸವೆಯುತ್ತದೆ.

ಸ್ಕ್ಯಾನಿನಲ್ಲಿ ಸೀಳು ಕಂಡವರೆಲ್ಲ ಶಸ್ತ್ರಚಿಕಿತ್ಸೆಗೆ ಓಡಬೇಕಿಲ್ಲ. ಇದನ್ನು ವೈದ್ಯರೇ ಒತ್ತಿ ಹೇಳಿದರು. ನಡುವಯಸ್ಸು ದಾಟಿದವರಲ್ಲಿ, ನೋವೇ ಇಲ್ಲದವರ ಮಂಡಿಯಲ್ಲೂ, ಸವೆತದ ಸೀಳುಗಳು ಧಾರಾಳವಾಗಿ ಕಾಣಿಸುತ್ತವೆ. ಫಿನ್‌ಲೆಂಡಿನ ವೈದ್ಯರು ಇಂಥ ಸವೆತದ ಸೀಳಿದ್ದವರಲ್ಲಿ ಅರ್ಧ ಜನರಿಗೆ ನಿಜವಾಗಿ ಕತ್ತರಿಸಿ, ಉಳಿದವರಿಗೆ ಕ್ಯಾಮೆರಾ ಹಾಕಿ ನೋಡಿ, ಕತ್ತರಿಸುವ ನಟನೆ ಮಾತ್ರ ನಡೆಸಿ ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದ ಬಳಿಕ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ನಮ್ಮ ಬಳಗದ, ಐವತ್ತು ದಾಟಿದ ಹಿರಿಯರೊಬ್ಬರಿಗೆ ಇದೇ ವೈದ್ಯರು ಕತ್ತರಿ ಮುಟ್ಟದೆ ವ್ಯಾಯಾಮದಲ್ಲೇ ವಾಸಿ ಮಾಡಿದ್ದರು. ನಾನು ಅವರ ಬಳಿ ಹೋದದ್ದೂ ಆ ಕಾರಣಕ್ಕೆ. ನನ್ನ ಸಂಗತಿ ಬೇರೆ: ಪೆಟ್ಟಿನಿಂದಾದ ಸೀಳು, ನಲವತ್ತರ ಒಳಗಿನ ವಯಸ್ಸು, ಲಾಕ್ ಆಗಿರುವ ಕೀಲು. ಇದನ್ನು ವ್ಯಾಯಾಮದಿಂದ ಬಿಡಿಸಲಾಗದು, ತಡ ಮಾಡಿದಷ್ಟೂ ಆ ಹಿಡಿ ನಜ್ಜುಗುಜ್ಜಾಗುತ್ತದೆ ಎಂದರು.

ಆಮೇಲೆ ಎದುರಾಯಿತು ನನ್ನನ್ನು ನಿಜಕ್ಕೂ ಕಾಡಿದ ಪ್ರಶ್ನೆ. ಸೀಳಿದ ತುಂಡನ್ನು ಕತ್ತರಿಸಿ ತೆಗೆಯಬಹುದು, ಇಲ್ಲವೇ ಹಿಂದಕ್ಕೆ ಕೂರಿಸಿ ಹೊಲಿಯಬಹುದು. ಕತ್ತರಿಸಿದರೆ ಕೆಲವೇ ದಿನಗಳಲ್ಲಿ ಊರುಗೋಲು ಬಿಟ್ಟು, ತಿಂಗಳು ಒಂದೂವರೆ ತಿಂಗಳಲ್ಲಿ ಸೈಕಲ್ ಹತ್ತಬಹುದು. ಹೊಲಿದರೆ ಮೊದಲ ನಾಲ್ಕಾರು ವಾರ ಮಂಡಿಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಚುವಂತಿಲ್ಲ, ಆ ಕಾಲಿಗೆ ಪೂರ್ತಿ ಭಾರ ಕೊಡುವಂತಿಲ್ಲ, ಕುಕ್ಕುರುಗಾಲಿನಲ್ಲಿ ಕೂರುವುದಂತೂ ನಾಲ್ಕು ತಿಂಗಳಾದರೂ ಕೂಡದು. ಇಷ್ಟೆಲ್ಲ ಮಾಡಿಯೂ ಐವರಲ್ಲಿ ಒಬ್ಬರ ಹೊಲಿಗೆ ಕೂಡಿಕೊಳ್ಳದೆ ಮತ್ತೊಮ್ಮೆ ಟೇಬಲ್ ಹತ್ತಬೇಕಾಗಬಹುದು. ಮೆನಿಸ್ಕಸ್ಸಿನ ಹೊರ ಅಂಚಿಗೆ ಮಾತ್ರ ರಕ್ತದ ಪೂರೈಕೆ ಇದೆ. ಒಳ ಅಂಚಿಗೆ ಇಲ್ಲ. ಹೊರ ಅಂಚಿನ ಸೀಳು ಕೂಡಿಕೊಳ್ಳುತ್ತದೆ, ಒಳ ಅಂಚಿನದು ಸಾಮಾನ್ಯವಾಗಿ ಕೂಡಿಕೊಳ್ಳುವುದಿಲ್ಲ. ನನ್ನದು ಹೊರ ಅಂಚಿನ ಹತ್ತಿರವಿತ್ತು. ಹೊಲಿಯಲು ಆಗುತ್ತದೋ ಇಲ್ಲವೋ ಎಂಬುದು ಕ್ಯಾಮೆರಾ ಒಳಗೆ ಹೋದ ಮೇಲೆಯೇ ಖಚಿತವಾಗುವುದು, ಆದ್ದರಿಂದ ಒಪ್ಪಿಗೆ ಪತ್ರದಲ್ಲಿ ಎರಡಕ್ಕೂ ಸಹಿ ಹಾಕಬೇಕು.

ಬಳಗದವರಲ್ಲಿ ಮುಕ್ಕಾಲು ಪಾಲು ಜನ ಕತ್ತರಿಯ ಪಕ್ಷ. "ಡಿಸೆಂಬರ್‌ನ ಬ್ರೆವೆಗೆ ಬಂದುಬಿಡಬಹುದು ಸರ್" ಎಂದರು ಕಿರಿಯರು. ಬ್ರೆವೆ ಎಂದರೆ ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿ. ನನ್ನ ಮನಸ್ಸೂ ಮೊದಲು ಅತ್ತಲೇ ಜಾರಿತ್ತು. ತಡೆದದ್ದು ಹಳೆಯದೊಂದು ಸಂಗತಿ. ಮೆನಿಸ್ಕಸ್ ಇದ್ದರೆಷ್ಟು ಹೋದರೆಷ್ಟು ಎಂದು ಅದನ್ನು ಇಡಿಯಾಗಿ ತೆಗೆದುಹಾಕುತ್ತಿದ್ದ ಕಾಲವಿತ್ತು. ಹಾಗೆ ತೆಗೆಸಿಕೊಂಡವರ ಮಂಡಿಯ ಎಕ್ಸ್‌-ರೇಗಳಲ್ಲಿ ವರ್ಷಗಳ ಬಳಿಕ ಕಾಣುವ ಬದಲಾವಣೆಗಳನ್ನು ಬ್ರಿಟನ್ನಿನ ಶಸ್ತ್ರವೈದ್ಯ ಫೇರ್‌ಬ್ಯಾಂಕ್ 1948ರಲ್ಲೇ ಬರೆದಿಟ್ಟ: ಕೀಲಿನ ಸಂದು ಕಿರಿದಾಗುವುದು, ಮೂಳೆಯ ಅಂಚು ಬೆಳೆಯುವುದು, ದುಂಡು ತುದಿ ಚಪ್ಪಟೆಯಾಗುವುದು. ಬಕೆಟ್ ಹಿಡಿ ಎಂದರೆ ಚಿಕ್ಕ ಚೂರಲ್ಲ, ಒಳಗಿನ ಸಿಂಬೆಯ ದೊಡ್ಡ ಪಾಲು. ಒಂದು ಚಳಿಗಾಲದ ಸವಾರಿಗಾಗಿ ಅರುವತ್ತನೇ ವಯಸ್ಸಿನ ಸವಾರಿಗಳನ್ನು ಮಾರಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ಸಾಧ್ಯವಾದರೆ ಹೊಲಿಯಿರಿ ಎಂದೆ.

ವಿಮೆಯವರ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ, ದೊಡ್ಡದಾಗಿ ಹೇಳಿದರೆ ನನಗೇ ರಕ್ತದೊತ್ತಡ ಏರುತ್ತದೆ. 'ಸೈಕಲ್' ಎಂಬ ಪದ ಕಂಡದ್ದೇ ತಡ, ರಸ್ತೆ ಅಪಘಾತವೇ, ಪೊಲೀಸ್ ದೂರು ಎಲ್ಲಿ, ಸ್ಪರ್ಧೆಯಲ್ಲಿದ್ದಿರಾ ಎಂದು ಪ್ರಶ್ನೆಗಳು ಬಂದವು. ಎಳನೀರಿನ ಬುರುಡೆ ಎಸೆಯುವಾಗ ಜಾರಿದೆ ಎಂದು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಟ್ಟೆ. ಕೈಗವಸು, ಹತ್ತಿ, ಸಿರಿಂಜುಗಳ ಹಣವನ್ನು ಕಳೆದು ಉಳಿದದ್ದನ್ನು ಮಂಜೂರು ಮಾಡಿದರು. ಹೊಲಿಗೆಯ ಸಾಮಗ್ರಿಯೇ ದುಬಾರಿ; ಅದು ಸೇರಿದೆಯೋ ಇಲ್ಲವೋ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದೆಂದು ತೀರ್ಮಾನವಾಗಿತ್ತು. ಕಾಲುಗಳು ಮೊದಲು ಬೆಚ್ಚಗಾದವು, ಆಮೇಲೆ ನನ್ನವಲ್ಲವಾದವು. ತೊಡೆಗೆ ಪಟ್ಟಿ ಬಿಗಿದು ರಕ್ತ ತಡೆದರು. ಮಂಡಿಚಿಪ್ಪಿನ ಕೆಳಗೆ ಎರಡು ಚಿಕ್ಕ ತೂತು. ಒಂದರಲ್ಲಿ ಪೆನ್ಸಿಲಿಗಿಂತ ಸಣ್ಣ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ಉಪ್ಪುನೀರು ಹರಿಸಿ ಕೀಲನ್ನು ಹಿಗ್ಗಿಸುತ್ತಾರೆ. ಮಂಡಿಯೊಳಗೆ ಹೀಗೆ ನೋಡುತ್ತ ಮೆನಿಸ್ಕಸ್ ಕತ್ತರಿಸಿದ ಮೊದಲಿಗ ಟೋಕಿಯೊದ ಮಸಾಕಿ ವಾತನಾಬೆ, 1962ರಲ್ಲಿ. ನನಗೆ ನಿದ್ದೆಯ ಔಷಧಿ ಬೇಡವೆಂದು ಕೇಳಿಕೊಂಡಿದ್ದೆ, ಆದ್ದರಿಂದ ಪರದೆ ನನ್ನ ಕಡೆಗೂ ತಿರುಗಿತು. ಬೆಳ್ಳಗೆ, ನುಣುಪಾಗಿ ಎಲ್ಲವೂ ನೀರಿನಲ್ಲಿ ತೊನೆಯುತ್ತಿತ್ತು. ವೈದ್ಯರು ಕೊಕ್ಕೆಯಂಥದ್ದರಿಂದ ಮಗುಚಿದ ಹಿಡಿಯನ್ನು ಮೆಲ್ಲನೆ ತಳ್ಳಿದರು. ಅದು ಅಂಚಿಗೆ ಜಾರಿ ತನ್ನ ಜಾಗದಲ್ಲಿ ಕುಳಿತಿತು.

"ಏನು ಮಾಡುತ್ತೀರಿ ಡಾಕ್ಟರೇ?" ಎಂದೆ.

"ಅಂಚು ಚೆನ್ನಾಗಿದೆ. ಹೊಲಿಯುತ್ತೇನೆ."

ಅಂಚುಗಳನ್ನು ಅರದಂಥ ಉಪಕರಣದಿಂದ ಉಜ್ಜಿ ಕೆಣಕಿದರು. ರಕ್ತ ಜಿನುಗಿದರೆ ಕೂಡಿಕೊಳ್ಳುವುದು ಬೇಗವಂತೆ. ಐದು ಹೊಲಿಗೆ ಬಿದ್ದವು. ನೋವಿನ ಸುಳಿವೇ ಇರಲಿಲ್ಲ. ಅಂದಿನ ದೊಡ್ಡ ಕಷ್ಟವೆಂದರೆ ಸಂಜೆಯವರೆಗೂ ಮೂತ್ರ ಬಾರದೆ ಇದ್ದದ್ದು. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಇದು ಸಾಮಾನ್ಯ, ಯಾರೂ ಮೊದಲೇ ಹೇಳುವುದಿಲ್ಲ. ನಾನು ಹೇಳಿದ್ದೇನೆ.

ಮನೆಗೆ ಬಂದ ಮೇಲೆ ಅಮ್ಮನಿಗೂ ಫಿಸಿಯೋ ಮೇಡಂಗೂ ನಡುವೆ ಮೌನಯುದ್ಧ ಶುರುವಾಯಿತು. ಮಂಡಿಯ ಕೆಳಗೆ ದಿಂಬಿಟ್ಟರೆ ಹಿತ, ಅಮ್ಮ ಇಡುತ್ತಿದ್ದರು. ಮೇಡಂ ಬಂದವರೇ ಅದನ್ನು ತೆಗೆದು ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಡುತ್ತಿದ್ದರು. ಮಂಡಿ ಬಗ್ಗಿದ ಭಂಗಿಯಲ್ಲೇ ಗಟ್ಟಿಯಾದರೆ ಪೂರ್ತಿ ನೆಟ್ಟಗಾಗುವುದು ಕಷ್ಟ, ನೆಟ್ಟಗಾಗದ ಕಾಲಿನಲ್ಲಿ ನಡಿಗೆಯೇ ಕೆಡುತ್ತದೆ ಎಂಬುದು ಅವರ ವಾದ. ಬಿಸಿ ಹರಳೆಣ್ಣೆ ಹಚ್ಚಿ ಎಲೆ ಕಟ್ಟುತ್ತೇನೆ ಎಂದು ಅಮ್ಮ ಹೊರಟಾಗ ಮೇಡಂ ಕೈಮುಗಿದರು: "ಅಮ್ಮಾ, ತೂತಿನ ಗಾಯ ಮಾಯುವವರೆಗೆ ಎಣ್ಣೆ ಬೇಡ. ಆಮೇಲೆ ಬೇಕಾದರೆ ಬೆನ್ನಿಗೆ ಹಚ್ಚಿ, ಊರುಗೋಲಿನಿಂದ ಅವರ ಬೆನ್ನೂ ನೋಯುತ್ತದೆ." ಬೆನ್ನು ನಿಜಕ್ಕೂ ನೋಯುತ್ತಿತ್ತು, ಎಣ್ಣೆಯೂ ಸಾರ್ಥಕವಾಯಿತು.

ನಡೆಯುವಾಗ ನೆಟ್ಟಗೆ ಬಿಗಿದ ಬ್ರೇಸ್, ಎರಡು ಊರುಗೋಲು, ಬಲಪಾದದ ಬೆರಳು ನೆಲ ಸೋಕಿದರೆ ಸಾಕು ಎಂಬಷ್ಟೇ ಭಾರ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ರಕ್ತ ಹೆಪ್ಪುಗಟ್ಟದಿರಲು ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಶಸ್ತ್ರಚಿಕಿತ್ಸೆಗೆ ಮೊದಲೇ ಕಮೋಡ್ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ನಮ್ಮಂಥ ಹಳೆಯ ಮನೆಗಳಲ್ಲಿ ಗತಿಯಿಲ್ಲ. ದೇಶಿ ಶೌಚಾಲಯದಲ್ಲಿ ಕುಕ್ಕುರು ಕೂರುವುದು ಹೊಲಿಗೆಯ ಹಿಂಭಾಗದ ಮೇಲೆಯೇ ಒತ್ತಡ ಹಾಕುತ್ತದೆ. ನಾವು ತೂತಿನ ಕುರ್ಚಿಯೊಂದನ್ನು ಬಾಡಿಗೆಗೆ ತಂದೆವು. ಘನತೆಯ ಮಾತು ಬೇಡ.

ನನ್ನನ್ನು ಬೆಚ್ಚಿಬೀಳಿಸಿದ್ದು ಹೊಲಿಗೆಯಲ್ಲ, ತೊಡೆ. ಬೆಟ್ಟ ಹತ್ತಿ ಹತ್ತಿ ಕಲ್ಲಾಗಿದ್ದ ತೊಡೆಯ ಮುಂಭಾಗದ ಸ್ನಾಯು, ಕ್ವಾಡ್ರಿಸೆಪ್ಸ್, ಮಾತು ಕೇಳಲಿಲ್ಲ. ಕಾಲು ನೇರವಾಗಿಟ್ಟು ಎತ್ತಿ ಎಂದರು ಮೇಡಂ. ಹಣೆಯಲ್ಲಿ ಬೆವರೊಡೆಯಿತು, ಹಿಮ್ಮಡಿ ಹಾಸಿಗೆ ಬಿಡಲಿಲ್ಲ. ಮಂಡಿಯಲ್ಲಿ ಬಾವು ಇರುವಷ್ಟು ಕಾಲ ನರಮಂಡಲವೇ ಆ ಸ್ನಾಯುವನ್ನು ತಡೆದು ಹಿಡಿಯುತ್ತದೆ, ಇದು ನಿಶ್ಶಕ್ತಿಯಲ್ಲ ಎಂದು ವಿವರಿಸಿದರು. ತೊಡೆಗೆ ವಿದ್ಯುತ್ ಪಟ್ಟಿ ಅಂಟಿಸಿ ಸ್ನಾಯುವನ್ನು ಅದುರಿಸುತ್ತ, ನಾನೂ ಜತೆಗೆ ಬಿಗಿಹಿಡಿಯಬೇಕು. ಮಂಡಿಯ ಹಿಂಭಾಗದಿಂದ ಹಾಸಿಗೆಯನ್ನು ಒತ್ತುವುದು, ಸಡಿಲಿಸುವುದು, ಒತ್ತುವುದು. ಜಗತ್ತಿನಲ್ಲಿ ಇದಕ್ಕಿಂತ ನೀರಸವಾದ ಕೆಲಸವಿಲ್ಲ. ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಎರಡೂ ತೊಡೆಗಳ ಸುತ್ತಳತೆ ತೆಗೆದು ಬರೆದಿಡುತ್ತಿದ್ದರು. ಬಲತೊಡೆ ನೋಡನೋಡುತ್ತಲೇ ಇಳಿಯಿತು. ವರ್ಷಗಟ್ಟಲೆ ಬೆಳೆಸಿದ್ದು ಕರಗಲು ವಾರಗಳು ಸಾಕಾದವು. ಶಸ್ತ್ರಚಿಕಿತ್ಸೆ ಗೊತ್ತಾದ ದಿನದಿಂದಲೇ ತೊಡೆ ಬಲಪಡಿಸುವ ವ್ಯಾಯಾಮಕ್ಕೆ ಇಳಿದರೆ ಆಮೇಲಿನ ದಾರಿ ಹಗುರ ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ.

ಮಡಿಚುವ ಮಿತಿ ತೆರವಾದಾಗ ಮೇಡಂ ಹೇಳಿದ ಮಾತು ನನಗೆ ಹಬ್ಬವಾಯಿತು: "ಇನ್ನು ನಿಮ್ಮ ಔಷಧಿ ಸೈಕಲ್ಲೇ ಸರ್." ಹೊರಗಲ್ಲ, ಮನೆಯೊಳಗೆ, ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಟ್ರೇನರಿನ ಮೇಲೆ. ಪೆಡಲ್ ಒಂದು ಪೂರ್ತಿ ಸುತ್ತು ಹೋಗಲು ಮಂಡಿ ಸುಮಾರು 110 ಡಿಗ್ರಿ ಮಡಿಚಬೇಕು. ನನ್ನದು ಅಲ್ಲಿಗೆ ತಲುಪಿರಲಿಲ್ಲ. ಮೊದಲು ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ತೂಗುವುದಷ್ಟೇ. ಆಮೇಲೆ ಉಪಾಯ ಮಾಡಿದೆವು. ನನ್ನ ಕ್ರ್ಯಾಂಕ್, ಅಂದರೆ ಪೆಡಲ್ ಜೋಡಿಸುವ ತೋಳು, 172.5 ಮಿಲಿಮೀಟರಿನದು. ಗೆಳೆಯನೊಬ್ಬ 165ರದನ್ನು ತಂದು ಜೋಡಿಸಿದ. ಕ್ರ್ಯಾಂಕ್ ಏಳೂವರೆ ಮಿಲಿಮೀಟರ್ ಗಿಡ್ಡವಾದರೆ ಪೆಡಲ್ ಮೇಲೆ ಬಂದಾಗ ಪಾದ ಅಷ್ಟು ಕೆಳಗಿರುತ್ತದೆ; ಕೆಳಗಿನ ಕೊನೆಯಲ್ಲಿ ಅಷ್ಟೇ ಮೇಲಿರುವುದರಿಂದ ಸೀಟನ್ನೂ ಅಷ್ಟು ಏರಿಸಬಹುದು. ಎರಡೂ ಸೇರಿ ಹದಿನೈದು ಮಿಲಿಮೀಟರ್ ಬಿಡುವು. ಕೇಳಲು ಜುಜುಬಿ. ಮಂಡಿಗೆ ಅದು ಹೆಬ್ಬಾಗಿಲು. ಹಿಂದಕ್ಕೆ ತುಳಿಯುತ್ತ ಹೋದಾಗ ಒಮ್ಮೆ ಮೇಲಿನ ಕೊನೆಯನ್ನು ದಾಟಿ ಪೆಡಲ್ ಸುತ್ತು ಮುಗಿಸಿತು. ಅಡುಗೆಮನೆಯಿಂದ ಅಮ್ಮ "ಏನಾಯಿತೋ?" ಎಂದು ಓಡಿಬಂದರು, ನಾನು ಅಷ್ಟು ಜೋರಾಗಿ ಕೂಗಿದ್ದೆ.

ಹೊರೆಯೇ ಇಲ್ಲದೆ ತುಳಿಯುವುದು ಬಲ ಹಾಕುವವನಿಗೆ ಶಿಕ್ಷೆ. ತುಳಿದ ಮರುದಿನ ಮಂಡಿ ಊದಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತೆಂದು ಅರ್ಥ, ಊದದಿದ್ದರೆ ತುಸು ಏರಿಸಬಹುದು. ಇದೊಂದೇ ನಿಯಮ. ನೋವಿಗಿಂತ ಬಾವನ್ನು ನಂಬಿ ಎಂದು ಮೇಡಂ ಹೇಳಿದ್ದರು. ಉತ್ಸಾಹದ ದಿನಗಳಲ್ಲಿ ನೋವು ಸುಮ್ಮನಿರುತ್ತದೆ, ಬಾವು ಸುಮ್ಮನಿರುವುದಿಲ್ಲ.

ರಸ್ತೆಗಿಳಿಯಲು ಅನುಮತಿ ಸಿಕ್ಕಾಗ ವೈದ್ಯರು ಸೈಕಲ್ಲಿನ ಒಂದು ಭಾಗವನ್ನು ಮಾತ್ರ ನಿಷೇಧಿಸಿದರು: ಕಚ್ಚುವ ಪೆಡಲ್. ಅದರಿಂದ ಪಾದ ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಬಗ್ಗಿದ ಮಂಡಿಯನ್ನು ತಿರುಚುವುದೇ ಹೊಲಿಗೆಗೆ ಮೊದಲ ಶತ್ರು. ಹುಡುಗರ ಸೈಕಲ್ಲಿನ ಚಪ್ಪಟೆ ಪೆಡಲ್ ಹಾಕಿಸಿಕೊಂಡು, ಸಾಮಾನ್ಯ ಕ್ಯಾನ್ವಾಸ್ ಶೂ ತೊಟ್ಟು, ಕುಕ್ಕರಹಳ್ಳಿ ಕೆರೆಯ ಸುತ್ತಮುತ್ತ, ಲಲಿತಮಹಲ್ ರಸ್ತೆಯಲ್ಲಿ ಓಡಾಡಿದೆ. ಎಲೆಕ್ಟ್ರಿಕ್ ಸ್ಕೂಟರಿನ ಅಜ್ಜಂದಿರು ದಾಟಿಹೋದರು. ಬೆಟ್ಟಕ್ಕೆ ಹೋದದ್ದು ಬಹಳ ತಡವಾಗಿ. ಊರಿನಿಂದ ಮೇಲಕ್ಕೆ ಸುಮಾರು 300 ಮೀಟರ್ ಏರಿಕೆ; ಎಲ್ಲಿಯೂ ಸೀಟು ಬಿಟ್ಟು ಎದ್ದು ತುಳಿಯಬಾರದೆಂಬ ಕಟ್ಟಳೆ. ನಂದಿಯ ಕಡೆ ತಿರುಗುವ ದಾರಿಯ ಬಳಿ ಒಂದೆರಡು ಸಲ ಏಳಬೇಕೆನಿಸಿತು, ಏಳಲಿಲ್ಲ.

ಈಗಿನ ಸ್ಥಿತಿ ಹೀಗಿದೆ. ಬಲತೊಡೆ ಎಡದ್ದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಸಣ್ಣದಾಗಿಯೇ ಉಳಿದಿದೆ. ಪಂಕ್ತಿಯಲ್ಲಿ ನನಗೆ ಕುರ್ಚಿ, ಮೇಜು. ಚಳಿಯ ಬೆಳಿಗ್ಗೆ ಮೊದಲ ಕಾಲು ಗಂಟೆ ಮಂಡಿ ಬಿಗಿಯಾಗಿರುತ್ತದೆ. 165ರ ಕ್ರ್ಯಾಂಕನ್ನು ಗೆಳೆಯನಿಗೆ ಹಿಂದಿರುಗಿಸಿಲ್ಲ, ಅವನೂ ಕೇಳಿಲ್ಲ. ಕ್ಲೀಟ್ ಶೂನ ಅಡಿಯೊಳಗೆ ಹುದುಗಿರುವ, ನಡೆದರೂ ಜಾರದ ಬಗೆಯ ಪೆಡಲ್ ಹಾಕಿಸಿದ್ದೇನೆ, ಸ್ಪ್ರಿಂಗನ್ನು ತೀರ ಸಡಿಲ ಮಾಡಿ.

ಕಡೆಯ ಭೇಟಿಯಲ್ಲಿ, ಹೊಲಿಗೆ ಕೂಡಿದೆಯೋ ಇಲ್ಲವೋ ನೋಡಲು ಇನ್ನೊಂದು ಎಂಆರ್‌ಐ ಮಾಡಿಸೋಣ ಎಂದೆ. ವೈದ್ಯರು ಒಪ್ಪಲಿಲ್ಲ. ಚೆನ್ನಾಗಿ ಕೂಡಿಕೊಂಡ ಮೆನಿಸ್ಕಸ್ಸಿನಲ್ಲೂ ಹೊಲಿದ ಜಾಗ ವರ್ಷಗಟ್ಟಲೆ ಸೀಳಿನಂತೆಯೇ ಕಾಣಬಹುದು, ಅದನ್ನು ನೋಡಿ ನೀವು ನಿದ್ದೆಗೆಡುತ್ತೀರಿ ಎಂದರು. "ಲಾಕ್ ಆಗುತ್ತಿದೆಯೇ? ಇಲ್ಲ. ಊದುತ್ತಿದೆಯೇ? ಇಲ್ಲ. ಮತ್ತೆ ಚಿತ್ರ ತೆಗೆದು ಏನು ನೋಡುವುದು?" ಹಾಗಾದರೆ 200 ಕಿಲೋಮೀಟರಿನ ಬ್ರೆವೆ ಮಾಡಬಹುದೇ ಎಂದು ಕೇಳಿದೆ. ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂದರು. ಹದಿಮೂರೂವರೆ ಗಂಟೆ ಎಂದೆ. "ಅಷ್ಟನ್ನೂ ಉಪಯೋಗಿಸಿಕೊಳ್ಳಿ" ಎಂದು ಚೀಟಿ ಬರೆಯದೆ ಕಳುಹಿಸಿದರು. ಅಂದು ಸಂಜೆಯೇ ಹೆಸರು ಕೊಟ್ಟೆ.